ಸೂಜಿಗೆ ಮೊದಲು ಕುರ್ಚಿ

ಮೊನ್ನೆ ಸೋಮವಾರ ನೀನು ನನ್ನ ಕ್ಲಿನಿಕ್ಕಿನಲ್ಲಿ ಕೂತಿದ್ದಾಗ ಒಳಕೋಣೆಯಿಂದ ನೋಡುತ್ತಿದ್ದೆ ಮಗು. ಸಂತೆಯ ದಿನ. ಬೆಂಚು ತುಂಬಿ ಮೆಟ್ಟಿಲವರೆಗೂ ಜನ. ಎರಡು ಗಂಟೆಯಲ್ಲಿ ನೀನು ನಲವತ್ತು ಜನರನ್ನು ನೋಡಿ ಮುಗಿಸಿದೆ. ಕೈ ಚುರುಕು, ಕಣ್ಣು ಸೂಕ್ಷ್ಮ, ಓದಿದ್ದೆಲ್ಲ ನಾಲಿಗೆಯ ತುದಿಯಲ್ಲಿ. ಜ್ವರದ ಹುಡುಗನನ್ನು ನೀನು ಪರೀಕ್ಷೆ ಮಾಡಿದ ರೀತಿ ಕಂಡು ನನಗೆ ಹೆಮ್ಮೆಯೇ ಆಯಿತು. ಆಮೇಲೆ ಹಸಿರು ಸೀರೆಯ ಅಜ್ಜಿ ಮಂಡಿ ಹಿಡಿದುಕೊಂಡು ಬಂದರು. ಅವರು ಕೂರುವ ಮೊದಲೇ ನಿನ್ನ ಪೆನ್ನು ಓಡುತ್ತಿತ್ತು. "ಏಳು ವರ್ಷದ ಹಿಂದೆ..." ಅಂತ ಅವರು ಬಾಯಿ ತೆರೆಯುವಷ್ಟರಲ್ಲಿ ಡೈಕ್ಲೋಫೆನಾಕ್ ಸಿರಿಂಜಿಗೆ ಏರಿತ್ತು. ಒಟ್ಟು ಒಂದೂವರೆ ನಿಮಿಷ. ಗಡಿಯಾರ ನೋಡಿಕೊಂಡೇ ಹೇಳುತ್ತಿದ್ದೇನೆ.

ಆತುರಗಾರನಿಗೆ ಬುದ್ಧಿ ಮಟ್ಟ ಅನ್ನುತ್ತಾರೆ. ನಿನಗೆ ಬುದ್ಧಿ ಕಡಿಮೆ ಅಂತಲ್ಲ. ಇರುವ ಬುದ್ಧಿಗೆ ಕೂರಲು ಜಾಗ ಕೊಡಲಿಲ್ಲ, ಅಷ್ಟೇ.

ನೀನು ಕಾಫಿಗೆ ಹೋದಾಗ ಅಜ್ಜಿಯನ್ನು ಒಳಗೆ ಕರೆದೆ. ಎಲೆಅಡಿಕೆ ಚೀಲ ಬಿಚ್ಚಿದರೆ ಸುಣ್ಣದ ಡಬ್ಬಿಯ ಪಕ್ಕ ಒಂದು ಕಾಗದದ ಪೊಟ್ಟಣ, ಅದರಲ್ಲಿ ಬೂದುಬಣ್ಣದ ಪುಡಿ. ಸಂತೆಯಲ್ಲಿ ಒಬ್ಬ ಬೇರಿನ ಪುಡಿ ಅಂತ ಮಾರುತ್ತಾನಂತೆ. ತಿಂದ ದಿನ ಮಂಡಿ ಹಗುರಾಗುತ್ತಂತೆ, ಹಸಿವೂ ಚೆನ್ನಾಗಿ ಆಗುತ್ತಂತೆ. ಎರಡು ವರ್ಷದಿಂದ ತಿನ್ನುತ್ತಿದ್ದಾರೆ. ಅವರ ಮುಖ ಬೋಂಡದ ಹಾಗೆ ದುಂಡಗಾಗಿದ್ದನ್ನು ನೀನು ನೋಡಲಿಲ್ಲ. ಮುಂಗೈ ಮೇಲೆ ಅಲ್ಲಲ್ಲಿ ನೀಲಿ ಕಲೆ, ಈರುಳ್ಳಿ ಸಿಪ್ಪೆಯಂಥ ಚರ್ಮ, ಅದನ್ನೂ ನೋಡಲಿಲ್ಲ. ಇಂಥ ಪುಡಿ ಕಂಡರೆ ಅದರಲ್ಲಿ ಸ್ಟೀರಾಯ್ಡ್ ಬೆರೆಸಿದ್ದಾರೇನೋ ಅನ್ನುವ ಅನುಮಾನ ಮೊದಲು ಬರಬೇಕು. ಹಾಗಂತ "ಇವತ್ತೇ ಬಿಸಾಕಿ" ಅಂತ ಕೂಗಾಡಿದರೆ ಅಪಾಯ ಇನ್ನೂ ಹೆಚ್ಚು. ತಿಂಗಳುಗಟ್ಟಲೆ ಹೊರಗಿನಿಂದ ಸಿಕ್ಕಿದ್ದರಿಂದ ದೇಹ ತನ್ನ ಸ್ಟೀರಾಯ್ಡನ್ನು ತಾನು ಮಾಡಿಕೊಳ್ಳುವುದನ್ನೇ ಬಿಟ್ಟಿರುತ್ತದೆ. ಥಟ್ಟನೆ ನಿಲ್ಲಿಸಿದರೆ ಬಿಪಿ ಕುಸಿದು ಪ್ರಾಣಕ್ಕೇ ಬರಬಹುದು. ಸಕ್ಕರೆ, ಬಿಪಿ ನೋಡಿ, ಅಳತೆ ಗೊತ್ತಿರುವ ಮಾತ್ರೆಗೆ ಬದಲಿಸಿ, ಸ್ವಲ್ಪ ಸ್ವಲ್ಪವೇ ಇಳಿಸಿಕೊಂಡು ಬರಬೇಕು. ಇದೆಲ್ಲ ನಿನಗೆ ಗೊತ್ತು, ಪರೀಕ್ಷೆಯಲ್ಲಿ ಬರೆದು ಅಂಕವನ್ನೂ ತೆಗೆದಿದ್ದೀಯ. ಅದು ಅಜ್ಜಿಯ ಎಲೆಅಡಿಕೆ ಚೀಲದಲ್ಲಿ ಕೂತಿದೆ ಅನ್ನುವುದು ಮಾತ್ರ ಗೊತ್ತಾಗಲಿಲ್ಲ.

ಅದಕ್ಕೇ ಹೇಳುವುದು, ಹಳೆಯ ನೋವಿನವರು ಬಂದರೆ ಸೂಜಿಗೆ ಕೈ ಹಾಕುವ ಮೊದಲು ಕುರ್ಚಿ ಎಳೆದುಕೊಂಡು ಅವರ ಹತ್ತಿರ ಕೂರು.

ಮೂರು ತಿಂಗಳು ದಾಟಿದ ನೋವಿನ ಜಾತಿಯೇ ಬೇರೆ. 2022ರಲ್ಲಿ ಜಾರಿಗೆ ಬಂದ ವಿಶ್ವ ಆರೋಗ್ಯ ಸಂಸ್ಥೆಯ ರೋಗಪಟ್ಟಿಯಲ್ಲಿ ಅದಕ್ಕೆ ಪ್ರತ್ಯೇಕ ಸ್ಥಾನವಿದೆ. ಕಾಲು ಮುರಿದಾಗಿನ ನೋವು ಕಳ್ಳ ಬಂದಾಗ ಬೊಗಳುವ ನಾಯಿ. ಮೂಳೆ ಕೂಡಿಕೊಂಡಿತು, ಕಳ್ಳ ಹೋದ, ನಾಯಿ ಸುಮ್ಮನಾಯಿತು. ಹಳೆಯ ನೋವು ಹಾಗಲ್ಲ. ಒಮ್ಮೆ ಬೆದರಿದ ನಾಯಿ ಎಲೆ ಅಲುಗಿದರೂ ರಾತ್ರಿಯೆಲ್ಲ ಬೊಗಳುತ್ತದೆ. ಕಳ್ಳ ಇಲ್ಲ ಅಂತ ಬೊಗಳುವುದು ಸುಳ್ಳಾಗುತ್ತದೆಯೇ? ಮನೆಯವರಿಗೆ ನಿದ್ದೆಯಂತೂ ಇಲ್ಲ. ಕಲ್ಲು ಹೊಡೆದರೆ ಆ ನಾಯಿ ಇನ್ನೂ ಬೊಗಳುತ್ತದೆ. ಅದರ ಭಯ ಇಳಿಸಬೇಕು. ರೋಗಿಗೆ ಇದನ್ನು ಹೀಗೇ ಹೇಳು, ಅರ್ಥವಾಗುತ್ತದೆ. ನರದ ವಿಚಾರ ಜನಕ್ಕೆ ತಿಳಿಯುವುದಿಲ್ಲ ಅಂದುಕೊಳ್ಳಬೇಡ. ಬಿದ್ದ ಮಗುವಿನ ಮಂಡಿಯನ್ನು ಅಜ್ಜಿಯರು ಮೊದಲು ಉಜ್ಜುತ್ತಾರಲ್ಲ, ಆ ಉಜ್ಜುವಿಕೆ ನೋವಿನ ದಾರಿಗೆ ಬಾಗಿಲು ಹಾಕುತ್ತದೆ ಅಂತ ಮೆಲ್ಜಾಕ್ ಮತ್ತು ವಾಲ್ ಎಂಬಿಬ್ಬರು ವಿಜ್ಞಾನಿಗಳು ವಿವರಿಸಿದ್ದು 1965ರಲ್ಲಿ. ಅಜ್ಜಿಯರು ಅದಕ್ಕೂ ಮೊದಲಿನಿಂದ ಉಜ್ಜುತ್ತಲೇ ಇದ್ದಾರೆ.

ಕಾಲೇಜಿನಲ್ಲಿ ನಿನಗೆ ಸೊನ್ನೆಯಿಂದ ಹತ್ತರವರೆಗಿನ ಅಳತೆ ಕಲಿಸಿ ಕಳಿಸಿದ್ದಾರೆ. ಮೊನ್ನೆ ಆ ರೈತನನ್ನು "ಹತ್ತಕ್ಕೆ ಎಷ್ಟು?" ಅಂತ ನೀನು ಕೇಳಿದಾಗ, ಪಾಪ, ಫೀಸು ಕೇಳುತ್ತಿದ್ದೀಯ ಅಂದುಕೊಂಡು ಆತ ಜೇಬಿಗೆ ಕೈ ಹಾಕಿದ! ನಮ್ಮ ಜನರ ಹತ್ತಿರ ನೋವಿಗೆ ಮಾತಿದೆ ಮಗು, ಅಂಕಿ ಯಾಕೆ? ಚಳಕು, ಸೆಳೆತ, ಹಿಡಿತ, ಇರಿತ, ಉರಿ, ಜೋಮು. ಉತ್ತರದ ಕಡೆಯವರು ಬ್ಯಾನಿ ಅನ್ನುತ್ತಾರೆ, ಕಾಲು ಹರಿತಾವ್ರಿ ಅನ್ನುತ್ತಾರೆ. ಕಿವಿಗೊಟ್ಟರೆ ಅರ್ಧ ರೋಗನಿರ್ಣಯ ಆ ಮಾತಿನಲ್ಲೇ ಇರುತ್ತದೆ. ಅಂಗಾಲಿಗೆ ಮೆಣಸಿನಪುಡಿ ಎರಚಿದ ಹಾಗೆ, ಇರುವೆ ಹರಿದ ಹಾಗೆ, ಹತ್ತಿಯ ಮೇಲೆ ನಡೆದ ಹಾಗೆ ಅಂದರೆ ಅದು ನರದ ನೋವು. ಚಪ್ಪಲಿ ಕಳಚಿ ಬಿದ್ದದ್ದು ಗೊತ್ತಾಗುತ್ತದೆಯೇ ಕೇಳು. ಸಕ್ಕರೆ ನೋಡು. ಕಾಲನ್ನು ಕೈಯಲ್ಲಿ ಹಿಡಿದು, ಬೆರಳಸಂದಿ ಬಿಡಿಸಿ ನೋಡು, ಸ್ಪರ್ಶವಿಲ್ಲದ ಮಚ್ಚೆ ಇದೆಯೇ ಮೈಯೆಲ್ಲ ಹುಡುಕು. ಡೈಕ್ಲೋಫೆನಾಕ್ ಅಲ್ಲಿ ಗಂಗೆಯಲ್ಲಿ ಹಿಂಡಿದ ಹುಣಿಸೆಹಣ್ಣು. ಅಲ್ಲಿ ಬೇಕಾದದ್ದು ರಾತ್ರಿ ಮಲಗುವಾಗ 10 ಮಿಲಿಗ್ರಾಂ ಅಮಿಟ್ರಿಪ್ಟಿಲಿನ್ ಅಥವಾ ಅಂಥ ಇನ್ನೊಂದು ಮಾತ್ರೆ. ತೀರ ವಯಸ್ಸಾದವರಿಗೆ, ಹೃದಯದ ತೊಂದರೆ ಇರುವವರಿಗೆ, ಮೂತ್ರ ಕಟ್ಟುವವರಿಗೆ ಅದನ್ನೂ ಯೋಚಿಸಿಯೇ ಕೊಡು.

ಆ ಮಾತ್ರೆ ಬರೆದ ದಿನ ಎರಡು ನಿಮಿಷ ಹೆಚ್ಚು ಕೂರು. ಮೆಡಿಕಲ್ಸಿನ ಹುಡುಗ ಚೀಟಿ ನೋಡಿ "ಇದು ತಲೆ ಕೆಟ್ಟವರಿಗೆ ಕೊಡೋದು" ಅಂದುಬಿಡುತ್ತಾನೆ. ಅಲ್ಲಿಗೆ ಮಾತ್ರೆ ಗೂಡಿನಲ್ಲಿ, ರೋಗಿ ಬೇರೆ ಡಾಕ್ಟರ ಹತ್ತಿರ. ನೀನೇ ಮೊದಲು ಹೇಳಿಬಿಡು: ಇದನ್ನು ಖಿನ್ನತೆಗೆ ದೊಡ್ಡ ಅಳತೆಯಲ್ಲಿ ಕೊಡುತ್ತಾರೆ, ಸಣ್ಣ ಅಳತೆಯಲ್ಲಿ ನರದ ಉರಿಗೆ; ಬಾಯಿ ಒಣಗುತ್ತದೆ, ಬೆಳಿಗ್ಗೆ ಸ್ವಲ್ಪ ಮಂಪರು, ಗುಣ ಕಾಣಲು ಎರಡು ಮೂರು ವಾರ ಬೇಕು.

ನೋವಿಗೆ ಊರೂ ಇರುತ್ತದೆ. ಪಾವಗಡದ ಕಡೆಯವರು ಬೆನ್ನು ಮರದ ಹಾಗಾಗಿದೆ ಅಂದರೆ ಹಲ್ಲು ನೋಡು, ಯಾವ ಕೊಳವೆಬಾವಿಯ ನೀರು ಅಂತ ಕೇಳು, ಲೀಟರಿಗೆ 1.5 ಮಿಲಿಗ್ರಾಂ ಮೀರಿದ ಫ್ಲೋರೈಡನ್ನು ವರ್ಷಗಟ್ಟಲೆ ಕುಡಿದ ಮೂಳೆಗೆ ನಿನ್ನ ಮುಲಾಮು ಏನು ಮಾಡೀತು? ಸಾಗರ ತಾಲ್ಲೂಕಿನ ಹಂದಿಗೋಡು 1970ರ ದಶಕದಲ್ಲಿ ಗುರುತಿಸಿದ ಒಂದು ಕೀಲುರೋಗಕ್ಕೆ ತನ್ನ ಹೆಸರನ್ನೇ ಕೊಟ್ಟಿದೆ, ಅದು ವಂಶಪಾರಂಪರ್ಯವಾಗಿ ಬರುವಂಥದ್ದು. 2006ರಲ್ಲಿ ಚಿಕೂನ್‌ಗುನ್ಯ ನಮ್ಮ ರಾಜ್ಯವನ್ನೇ ಮಲಗಿಸಿದಾಗ ನೀನು ಇನ್ನೂ ಶಾಲೆಗೆ ಹೋಗುತ್ತಿದ್ದೆ. ಪೂರ್ವ ಆಫ್ರಿಕಾದ ಮಕೊಂಡೆ ಭಾಷೆಯಲ್ಲಿ ಆ ಹೆಸರಿಗೆ ಬಗ್ಗಿಹೋಗುವುದು ಅಂತ ಅರ್ಥ. ಮನೆಮನೆಯಲ್ಲೂ ಜನ ಗೋಡೆ ಹಿಡಿದು, ಬಗ್ಗಿಕೊಂಡೇ ನಡೆಯುತ್ತಿದ್ದರು. ಜ್ವರ ವಾರಕ್ಕೆ ಇಳಿಯಿತು, ಕೀಲುನೋವು ಕೆಲವರಿಗೆ ವರ್ಷಗಳ ಕಾಲ ನಿಂತಿತು. "ಜ್ವರ ಹೋಯಿತಲ್ಲ, ಇನ್ನೇನು?" ಅಂತ ಆಗ ನಾನೂ ಕೆಲವರಿಗೆ ಹೇಳಿದೆ. ಹೇಳಬಾರದಿತ್ತು.

ಅದಕ್ಕಿಂತ ದೊಡ್ಡ ತಪ್ಪೊಂದನ್ನು ಹೇಳುತ್ತೇನೆ, ನೀನು ಮಾಡದಿರಲಿ ಅಂತ. ಇಪ್ಪತ್ತನಾಲ್ಕರ ಹುಡುಗ, ಟ್ರ್ಯಾಕ್ಟರ್ ಓಡಿಸುತ್ತಿದ್ದ. ಸೊಂಟನೋವು ಅಂತ ಬಂದ. ಟ್ರ್ಯಾಕ್ಟರ್ ಕುಲುಕಾಟ ಅಂತ ನಾನು ತೀರ್ಮಾನಿಸಿದೆ. ಮಾತ್ರೆ ಕೊಟ್ಟೆ, ಬೆಲ್ಟ್ ಬರೆದೆ, ಹದಿನೈದು ದಿನ ಹಾಸಿಗೆ ಬಿಟ್ಟು ಏಳಬೇಡ ಅಂದೆ. ಎರಡು ವರ್ಷ ಹೀಗೇ ನಡೆಯಿತು. ಆ ಹುಡುಗ ಒಂದಲ್ಲ, ಹತ್ತು ಸಲ ಹೇಳಿದ್ದ: "ಬೆಳಿಗ್ಗೆ ಎದ್ದರೆ ಸೌದೆ ಆಗಿರ್ತೀನಿ ಡಾಕ್ಟ್ರೇ, ಕೆಲಸಕ್ಕೆ ಇಳಿದು ಒಂದು ಗಂಟೆ ಆದಮೇಲೆ ಸಡಿಲ ಆಗುತ್ತೆ. ಮಲಗಿದರೇ ಜಾಸ್ತಿ." ಮಲಗಿದರೆ ಹೆಚ್ಚುವ, ಓಡಾಡಿದರೆ ಇಳಿಯುವ ಸೊಂಟನೋವು, ಅದೂ ಎಳೆಯ ವಯಸ್ಸಿನಲ್ಲಿ! ಆಂಕಿಲೋಸಿಂಗ್ ಸ್ಪಾಂಡಿಲೈಟಿಸ್ ತನ್ನ ಹೆಸರನ್ನು ತಾನೇ ಕೂಗಿ ಹೇಳುತ್ತಿತ್ತು. ನನ್ನ ಕಿವಿಗೆ ಟ್ರ್ಯಾಕ್ಟರಿನ ಸದ್ದೇ ಕೇಳುತ್ತಿತ್ತು. ಬೆಂಗಳೂರಿಗೆ ಕಳಿಸುವ ಹೊತ್ತಿಗೆ ಬೆನ್ನುಮೂಳೆಯ ಒಂದಷ್ಟು ಭಾಗ ಬೆಸೆದುಹೋಗಿತ್ತು. ಇವತ್ತಿಗೂ ದಾರಿಯಲ್ಲಿ ಸಿಕ್ಕರೆ ಅವನು ನನ್ನತ್ತ ಕತ್ತು ತಿರುಗಿಸುವುದಿಲ್ಲ, ಇಡೀ ಮೈ ತಿರುಗಿಸುತ್ತಾನೆ. ತಿರುಗಿಸಿ ನಮಸ್ಕಾರ ಹೇಳುತ್ತಾನೆ. ಆ ನಮಸ್ಕಾರ ನನಗೆ ಇನ್ನೂ ಚುಚ್ಚುತ್ತದೆ.

ಆದ್ದರಿಂದ ಕೇಳುವುದನ್ನು ಕೇಳಿಯೇ ತೀರು. ರಾತ್ರಿ ನಿದ್ದೆಯಿಂದ ಎಬ್ಬಿಸುವ ನೋವೇ? ಜ್ವರ ಇದೆಯೇ, ತೂಕ ಇಳಿದಿದೆಯೇ? ಹಿಂದೆ ಕ್ಯಾನ್ಸರ್ ಆಗಿತ್ತೇ? ಮನೆಯಲ್ಲಿ ಕ್ಷಯ ಇದ್ದವರು ಯಾರಾದರೂ? ಮೂತ್ರ ತಿಳಿಯದೆ ಹೋಗುತ್ತದೆಯೇ, ಕೂರುವ ಜಾಗ ಮರಗಟ್ಟಿದೆಯೇ? ಈ ಕೊನೆಯ ಎರಡರಲ್ಲಿ ಒಂದಿದ್ದರೂ ಅವತ್ತೇ ದೊಡ್ಡ ಆಸ್ಪತ್ರೆಗೆ ಕಳಿಸು, ನಾಳೆ ಅನ್ನಬೇಡ. ಬೆರಳಿನ ಸಣ್ಣ ಕೀಲುಗಳು ಊದಿ ಬೆಳಿಗ್ಗೆ ಹೊತ್ತು ಲೋಟ ಹಿಡಿಯಲಾಗದಿದ್ದರೆ ಕೀಲುವಾತದ ತಜ್ಞರಿಗೆ ಬೇಗ ತೋರಿಸು. ಅವರು ಮೆಥೊಟ್ರೆಕ್ಸೇಟ್ ಬರೆದು ವಾಪಸು ಕಳಿಸಿದಾಗ ನಿನ್ನ ಕೆಲಸ ಮುಗಿಯಲಿಲ್ಲ. ಅದು ವಾರಕ್ಕೊಂದು ದಿನದ ಔಷಧಿ. ದಿನಾ ತಿಂದರೆ ವಿಷ. ಚೀಟಿಯ ಮೇಲೆ ದಪ್ಪ ಕನ್ನಡ ಅಕ್ಷರದಲ್ಲಿ ವಾರದ ಹೆಸರು ಬರೆ, ಮನೆಯವರ ಬಾಯಲ್ಲಿ ಹೇಳಿಸು.

ಸ್ಕ್ಯಾನಿಂಗ್ ಅಂದರೆ ನಿನಗೆ ಬಲು ಪ್ರೀತಿ ಅಂತ ನೋಡಿದ್ದೇನೆ. ಬೇಕಾದಾಗ ಮಾಡಿಸು, ಬೇಡ ಅನ್ನುವುದಿಲ್ಲ. ಆದರೆ ನೋವೇ ಇಲ್ಲದವರ ಬೆನ್ನಿನ ಸ್ಕ್ಯಾನುಗಳ ಅಧ್ಯಯನಗಳನ್ನು 2015ರಲ್ಲಿ ಒಟ್ಟು ಸೇರಿಸಿ ನೋಡಿದಾಗ ಇಪ್ಪತ್ತರ ಪ್ರಾಯದಲ್ಲೇ ಶೇ. 37 ಮಂದಿಗೆ, ಎಂಬತ್ತರಲ್ಲಿ ಶೇ. 96 ಮಂದಿಗೆ ಡಿಸ್ಕ್ ಸವೆದದ್ದು ಕಂಡಿತ್ತು. ಕೂದಲು ನರೆತ ಹಾಗೆ ಬೆನ್ನೂ ನರೆಯುತ್ತದೆ. ಚಿತ್ರದಲ್ಲಿ ಕಂಡದ್ದಕ್ಕೆಲ್ಲ ಮದ್ದು ಮಾಡಲು ಹೊರಟರೆ ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದ ಹಾಗೆ.

ಚಿತ್ರಕ್ಕಿಂತ ಅದನ್ನು ನೋಡಿ ನೀನು ಆಡುವ ಮಾತು ಹೆಚ್ಚು ನಾಟುತ್ತದೆ. ಒಬ್ಬ ಹೆಣ್ಣುಮಗಳಿಗೆ ಯಾರೋ ಡಾಕ್ಟರು ಎಕ್ಸ್‌ರೇ ಬೆಳಕಿಗೆ ಹಿಡಿದು "ಮೂಳೆ ಸವೆದುಹೋಗಿದೆಯಮ್ಮ, ಇನ್ನು ಬಗ್ಗಬೇಡ" ಅಂದಿದ್ದರು. ಆಕೆ ಎಂಟು ವರ್ಷ ಬಗ್ಗಲೇ ಇಲ್ಲ. ಸೊಂಟ ಬಿಗಿಯಿತು, ಕಾಲಿನ ಮಾಂಸ ಕರಗಿತು, ನೋವು ಇಮ್ಮಡಿಯಾಯಿತು. ನನ್ನ ಹತ್ತಿರ ಬಂದಾಗ ನಾನು ನೋವು ಎಷ್ಟು ಅಂತ ಕೇಳಲಿಲ್ಲ. ಈ ನೋವು ಬಂದಮೇಲೆ ಯಾವ ಕೆಲಸ ಬಿಟ್ಟುಹೋಯಿತು ಅಂತ ಕೇಳಿದೆ. ಬಹಳ ಹೊತ್ತು ಸುಮ್ಮನಿದ್ದು, "ಬಾಗಿಲಿಗೆ ರಂಗೋಲಿ" ಅಂದರು. ಈಗ ಸೊಸೆ ಸ್ಟಿಕ್ಕರ್ ಅಂಟಿಸಿಬಿಟ್ಟಿದ್ದಾಳಂತೆ. ಹೇಳುವಾಗ ಕಣ್ಣು ತುಂಬಿತು.

ಮೂಳೆ ಮುರಿದಿಲ್ಲ, ಬಗ್ಗಿದರೆ ಮುರಿಯುವುದೂ ಇಲ್ಲ, ಸ್ನಾಯು ಕೆಲಸ ಮರೆತಿದೆ ಅಂತ ಮೊದಲು ಹೇಳಿದೆ. ಎರಡು ವಾರ ಕುರ್ಚಿಯಿಂದ ಕೈ ಊರದೆ ಏಳುವುದು, ಕೂರುವುದು, ದಿನಕ್ಕೆ ಇಷ್ಟು ಸಲ ಅಂತ ಲೆಕ್ಕ. ಆಮೇಲೆ ಎತ್ತರದ ಕಟ್ಟೆಯ ಮೇಲೆ ಮೂರು ಚುಕ್ಕಿಯ ರಂಗೋಲಿ. ಆಮೇಲೆ ಮಣೆಯ ಮೇಲೆ ಕೂತು ಐದು ಚುಕ್ಕಿ. ಒಂದು ದಿನ ಹುಮ್ಮಸ್ಸು ಬಂದು ಹನ್ನೊಂದು ಚುಕ್ಕಿ ಇಟ್ಟು, ಅಂಗಳವನ್ನೂ ಸಾರಿಸಿ, ಮೂರು ದಿನ ಮಲಗಿಬಿಟ್ಟರು. ಇದು ಎಲ್ಲರೂ ಬೀಳುವ ಹಳ್ಳ. ನೋವು ಕಡಿಮೆ ಇದ್ದ ದಿನ ಹಬ್ಬದ ಕೆಲಸವನ್ನೆಲ್ಲ ಎಳೆದುಕೊಳ್ಳುತ್ತಾರೆ, ಮರುದಿನ ಏಳಲಾಗದೆ ಹೆದರಿ ಎಲ್ಲ ಬಿಡುತ್ತಾರೆ. ನೋವು ನಿಲ್ಲು ಅನ್ನುವವರೆಗೆ ಕಾಯಬೇಡಿ, ಗಡಿಯಾರ ಹೇಳಿದಾಗ ನಿಲ್ಲಿಸಿ, ಒಳ್ಳೆಯ ದಿನವೂ ಅಷ್ಟೇ ಕೆಟ್ಟ ದಿನವೂ ಅಷ್ಟೇ ಅಂದೆ. ಸಂಕ್ರಾಂತಿಯ ಹೊತ್ತಿಗೆ ಬಾಗಿಲಿಗೆ ಏಳು ಚುಕ್ಕಿ ಬಿತ್ತು. ನೋವು ಹೋಯಿತೇ ಅಂತ ನೀನು ಕೇಳುತ್ತೀಯ. ಪೂರ್ತಿ ಹೋಗಲಿಲ್ಲ. ಸ್ಟಿಕ್ಕರ್ ಹೋಯಿತು.

"ಪೂರ್ತಿ ವಾಸಿ ಮಾಡ್ತೀನಿ" ಅನ್ನುವ ಆಸೆ ನಿನ್ನ ವಯಸ್ಸಿನದು. ಆ ಭರವಸೆ ಕೊಡಬೇಡ. ಅದನ್ನು ನಂಬಿ ಹತ್ತು ಕಡೆ ದುಡ್ಡು ಸುರಿದು ಬಂದವರೇ ನಿನ್ನ ಮುಂದೆ ಕೂತಿರುವುದು. ಈ ಕೆಲಸ ನಿಮಗೆ ವಾಪಸು ಬರುವ ಹಾಗೆ ಮಾಡೋಣ ಅನ್ನು, ಅಷ್ಟನ್ನು ಮಾಡಿ ತೋರಿಸು. ಮಂಡಿನೋವಿನವರಿಗೆ ತೊಡೆಯ ಸ್ನಾಯು ಬಲಪಡಿಸುವ ವ್ಯಾಯಾಮವನ್ನು ನೀನೇ ಕುರ್ಚಿಯ ಮೇಲೆ ಕೂತು ಕಾಲು ನೀಡಿ ತೋರಿಸು, ಕಾಗದ ಕೊಟ್ಟು ಕಳಿಸಬೇಡ. ಒಂದು ಕಿಲೋ ತೂಕ ಇಳಿದರೆ ಪ್ರತಿ ಹೆಜ್ಜೆಗೂ ಮಂಡಿಯ ಮೇಲೆ ನಾಲ್ಕು ಕಿಲೋದಷ್ಟು ಭಾರ ಇಳಿಯುತ್ತದೆ ಅಂದರೆ ಕೇಳುತ್ತಾರೆ; "ದಪ್ಪ ಆಗಿದ್ದೀರಿ" ಅಂದರೆ ಕೇಳುವುದಿಲ್ಲ. ಬಲಮಂಡಿ ನೋವಿಗೆ ಊರುಗೋಲು ಎಡಗೈಯಲ್ಲಿ ಇರಬೇಕು. ಹತ್ತರಲ್ಲಿ ಎಂಟು ಜನ ನೋವಿರುವ ಕಡೆಯೇ ಹಿಡಿದು ಬರುವುದನ್ನು ನಾನು ಕಂಡಿದ್ದೇನೆ.

ಸೂಜಿಯ ವಿಚಾರ. ಜನ ಕೇಳುತ್ತಾರೆ, ಕೊಡದಿದ್ದರೆ ಪಕ್ಕದ ಬೀದಿಗೆ ಹೋಗುತ್ತಾರೆ ಅನ್ನುವ ಭಯ ನಿನಗೆ. ನನಗೂ ಇತ್ತು. ವಾರವಾರ ಸೂಜಿ ತೆಗೆದುಕೊಂಡ ದೇಹಕ್ಕೆ ಏನಾಗುತ್ತದೆ ಅಂತ ಯೋಚಿಸು: ಹೊಟ್ಟೆಯಲ್ಲಿ ಹುಣ್ಣು, ಏರುವ ಬಿಪಿ, ಸದ್ದಿಲ್ಲದೆ ಸೋಲುವ ಮೂತ್ರಪಿಂಡ. ಕೆಲವು ಬಿಪಿ ಮಾತ್ರೆಗಳ ಜೊತೆ ನೀರಿಳಿಸುವ ಮಾತ್ರೆ, ಅದರ ಮೇಲೆ ನೋವಿನ ಮಾತ್ರೆಯೂ ಸೇರಿದರೆ ಮೂರು ಕಡೆಯಿಂದ ಏಟು. ರಾಮನಗರದ ರಾಮದೇವರ ಬೆಟ್ಟದ ರಣಹದ್ದು ಧಾಮಕ್ಕೆ ಒಮ್ಮೆ ಹೋಗಿ ಬಾ. ದನಗಳಿಗೆ ಕೊಟ್ಟ ಡೈಕ್ಲೋಫೆನಾಕ್ ಸತ್ತ ದನದ ಮಾಂಸದಿಂದ ರಣಹದ್ದುಗಳ ಮೈ ಸೇರಿ, ಮೂತ್ರಪಿಂಡ ನಿಂತು, ದೇಶದ ಉದ್ದಗಲಕ್ಕೂ ಅವು ಉದುರಿಹೋದವು. 2006ರಲ್ಲಿ ದನಗಳಿಗೆ ಅದನ್ನು ನಿಷೇಧಿಸಿದರು. ಮನುಷ್ಯನ ಲೆಕ್ಕ ಬೇರೆ, ಒಪ್ಪುತ್ತೇನೆ. ಆದರೂ ಆ ಬೆಟ್ಟ ನೆನಪಾದರೆ ಸಿರಿಂಜಿಗೆ ಹೋದ ಕೈ ಸ್ವಲ್ಪ ತಡೆಯುತ್ತದೆ. ಟ್ರಮಡಾಲ್ ಕೂಡ ಸಲೀಸಾಗಿ ಬರೆಯಬೇಡ. 2018ರಲ್ಲಿ ಅದನ್ನು ಮಾದಕವಸ್ತು ಕಾಯ್ದೆಯ ಕೆಳಗೆ ತಂದದ್ದು ಸುಮ್ಮನೆ ಅಲ್ಲ.

ಕ್ಯಾನ್ಸರಿನ ನೋವು ಮಾತ್ರ ಬೇರೆ ಲೆಕ್ಕ. ಅಲ್ಲಿ ಮಾರ್ಫಿನ್‌ಗೆ ಹೆದರಿ ಮನುಷ್ಯನನ್ನು ಒದ್ದಾಡಿಸುವುದು ಪಾಪ. ಅದೇ ಮಾದಕವಸ್ತು ಕಾಯ್ದೆಯ 2014ರ ತಿದ್ದುಪಡಿ ದಾರಿಯನ್ನು ಸುಲಭ ಮಾಡಿದೆ, ಬೆಂಗಳೂರಿನ ಕರುಣಾಶ್ರಯದಂಥ ಕಡೆ ಕೊನೆಯ ಹಂತದವರನ್ನು ಹಣ ಕೇಳದೆ ನೋಡಿಕೊಳ್ಳುತ್ತಾರೆ. ವಿಳಾಸ ನಿನ್ನ ಮೇಜಿನ ಗಾಜಿನ ಕೆಳಗಿರಲಿ.

ಇನ್ನೊಂದು ಮಾತನ್ನು ಗಟ್ಟಿಯಾಗಿ ಹೇಳುತ್ತೇನೆ. ಎಲ್ಲ ಪರೀಕ್ಷೆಯೂ ಸರಿ ಬಂದಾಗ "ಏನೂ ಇಲ್ಲ, ಎಲ್ಲ ನಿಮ್ಮ ಮನಸ್ಸಿನದು" ಅನ್ನಬೇಡ. ನಿದ್ದೆ ಕೆಟ್ಟರೆ ನೋವು ಹೆಚ್ಚುತ್ತದೆ, ದುಃಖ ಇದ್ದರೆ ಹೆಚ್ಚುತ್ತದೆ, ಗಂಡನ ಕುಡಿತಕ್ಕೂ ಮಗನ ಸಾಲಕ್ಕೂ ಹೆಚ್ಚುತ್ತದೆ. ಹೆಚ್ಚಿಸುವುದು ಬೇರೆ, ಇಲ್ಲದ್ದನ್ನು ಹುಟ್ಟಿಸುವುದು ಬೇರೆ. ಮನಸ್ಸಿನದು ಅನ್ನಿಸಿಕೊಂಡು ವರ್ಷಗಟ್ಟಲೆ ಅಲೆದ ಸೊಸೆಯರಲ್ಲಿ ಡಿ ವಿಟಮಿನ್ ತಳ ಮುಟ್ಟಿ ಮೂಳೆ ಮೆತ್ತಗಾದವರನ್ನು ನಾನು ಕಂಡಿದ್ದೇನೆ. ನೆಲದಿಂದ ಏಳಲು ಕಷ್ಟವೇ ಅಂತ ಒಂದು ಮಾತು ಯಾರೂ ಕೇಳಿರಲಿಲ್ಲ. ನಿಜವಾಗಿ ಮನಸ್ಸು ಕುಗ್ಗಿದ್ದರೆ ಅದಕ್ಕೂ ಚಿಕಿತ್ಸೆ ಕೊಡು, ಟೆಲಿ ಮಾನಸ್ ಸಹಾಯವಾಣಿಯ 14416 ಬರೆದುಕೊಡು, ಆದರೆ ನೋವನ್ನು ನಂಬಿದ ಮೇಲೆ.

ಹಳೆಯ ನೋವಿನವರು ಬಾಗಿಲಲ್ಲಿ ಕಂಡರೆ ನಿನಗೆ ಒಳಗೊಳಗೇ ಬೇಸರವಾಗುತ್ತದೆ, ಮುಖದಲ್ಲಿ ಕಂಡಿತು. ವಾಸಿಯಾಗದವರು ನಮ್ಮ ಸೋಲನ್ನು ಎತ್ತಿ ತೋರಿಸುತ್ತಾರೆ ಅನ್ನಿಸುತ್ತದೆ. ಒಂದು ಉಪಾಯ ಹೇಳುತ್ತೇನೆ: ಅವರಿಗೆ ಸಂತೆಯ ದಿನ ಬೇಡ. ಬುಧವಾರ ಮಧ್ಯಾಹ್ನ, ಜನ ಇಲ್ಲದ ಹೊತ್ತು, ತಿಂಗಳಿಗೊಮ್ಮೆ, ನೋವು ಹೆಚ್ಚಿದರೂ ಕಡಿಮೆಯಾದರೂ ಬರಲಿ. ನೋವು ಹೆಚ್ಚಿದರೆ ಮಾತ್ರ ಡಾಕ್ಟರು ಸಿಗುತ್ತಾರೆ ಅಂತಾದರೆ ನೋವೇ ಅವರಿಗೆ ನಿನ್ನ ಬಾಗಿಲ ಕೀಲಿಕೈ ಆಗಿಬಿಡುತ್ತದೆ.

ಹಸಿರು ಸೀರೆಯ ಅಜ್ಜಿಗೆ ಈ ಬುಧವಾರ ಮೂರು ಗಂಟೆಗೆ ಬರಲು ಹೇಳಿದ್ದೇನೆ, ನಿನ್ನನ್ನೇ ನೋಡಲು. ಪೊಟ್ಟಣವನ್ನೂ ತರುತ್ತಾರೆ. ಏಳು ವರ್ಷದ ಹಿಂದೆ ಏನಾಯಿತು ಅಂತ ನನಗೆ ಹೇಳಿದ್ದಾರೆ, ನಾನು ನಿನಗೆ ಹೇಳುವುದಿಲ್ಲ. ಪೆನ್ನು ಮುಚ್ಚಿಟ್ಟು ನೀನೇ ಕೇಳು.